ಟೇಕಾಫ್‌ಗೆ ಒಪ್ಪದ ವಿಮಾನ, ಕಾಶಿಗೆ ಒಪ್ಪದ ಭಾವ

ಮಧುಗಿರಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ ಅಂತ ನಾನು ಹೆಸರು ಮಾಡಿದ್ದು ಒಂದೇ ಒಂದು ಕೆಲಸದಿಂದ. ಗಾಡಿಗಳ ಬಾಯಿ ಮುಚ್ಚಿಸುವುದು. ಈಗಿನ ಗಾಡಿಗಳಿಗೆ ಮಾತು ಜಾಸ್ತಿ. ಬೆಲ್ಟ್ ಹಾಕದಿದ್ದರೆ ಕಿರುಚುತ್ತವೆ, ಬಾಗಿಲು ಸರಿಯಾಗಿ ಕೂರದಿದ್ದರೆ ಕಿರುಚುತ್ತವೆ, ಬ್ರೇಕಿಗೆ ಗಾಳಿ ಸಾಲದಿದ್ದರೆ ಲಾರಿಗಳು ಊರಿಗೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಳ್ಳುತ್ತವೆ. ಶಿರಾದ ಕಡಲೆಕಾಯಿ ಲಾರಿಯವರು, ಕೊರಟಗೆರೆಯ ಬಾಡಿಗೆ ಕಾರಿನವರು, ಪಾವಗಡದ ಟೆಂಪೋದವರು ಎಲ್ಲರೂ ಬಂದು ಹೇಳುವುದು ಒಂದೇ ಮಾತು, "ಅಣ್ಣಾ, ಇದು ತಲೆ ತಿಂತದೆ, ಏನಾರ ಮಾಡು." ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಜ್ಜರಿಗೆ ಹೋಗುವ ವೈರ್ ಹುಡುಕಿ ಕಚಕ್ ಅಂತ ಕತ್ತರಿಸುತ್ತಿದ್ದೆ. ಅದು ಯಾಕೆ ಕೂಗುತ್ತಿದೆ ಎಂದು ಹುಡುಕುತ್ತಾ ಕೂತರೆ ಅರ್ಧ ದಿನ ಬೇಕು. ಗಿರಾಕಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ನನಗೆ ಅವನಿಗಿಂತ ಕಮ್ಮಿ. ಕೇಳಿದವರಿಗೆಲ್ಲ "ಸೆನ್ಸರ್ ಹೋಗಿದೆ" ಅನ್ನುತ್ತಿದ್ದೆ. ವೈದ್ಯರು ಗೊತ್ತಾಗದ್ದಕ್ಕೆಲ್ಲ ಗ್ಯಾಸ್ಟ್ರಿಕ್ ಅನ್ನುವುದಿಲ್ಲವೇ, ಹಾಗೆ.

ಐವತ್ತು ದಾಟಿದ ಮೇಲೆ ನನಗೆ ವಿಮಾನದ ಹುಚ್ಚು ಹತ್ತಿತು. ನಿಜವಾದ ವಿಮಾನ ಅಲ್ಲ, ಕಂಪ್ಯೂಟರಿನಲ್ಲಿ ಓಡಿಸುವ ಸಿಮ್ಯುಲೇಟರ್. ಮಕ್ಕಳಾಟ ಅಂದುಕೊಳ್ಳಬೇಡಿ. ದೊಡ್ಡ ಪ್ರಯಾಣಿಕ ವಿಮಾನದ ಮುಂಭಾಗದಲ್ಲಿ ಎಷ್ಟು ಗುಂಡಿಗಳಿವೆಯೋ ಪರದೆಯ ಮೇಲೆ ಅಷ್ಟೂ ಇರುತ್ತವೆ, ಒಂದು ಮರೆತರೂ ವಿಮಾನ ಮುನಿಸಿಕೊಳ್ಳುತ್ತದೆ. ಶಿರಾದಲ್ಲಿ ಹಳೆ ಮಸೀದಿಯ ಹತ್ತಿರ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಮಾರುವ ಸಾಹೇಬರೊಬ್ಬರಿಂದ ಲ್ಯಾಪ್‌ಟಾಪು, ಸ್ಟಿಕ್ಕು, ವೇಗದ ಲಿವರುಗಳಿರುವ ಒಂದು ಪೆಟ್ಟಿಗೆ ತಂದೆ. ಗುಜರಿಗೆ ಬಿದ್ದಿದ್ದ ಬಸ್ಸಿನ ಡ್ರೈವರ್ ಸೀಟನ್ನು ಕಿತ್ತು ತಂದು ಹಾಲಿನಲ್ಲಿ ಬೋಲ್ಟ್ ಹಾಕಿ ಕೂರಿಸಿದೆ. ಹೊಳವನಹಳ್ಳಿಯ ಶಾಲೆಯಲ್ಲಿ ಗಣಿತ ಹೇಳುವ ನನ್ನ ಹೆಂಡತಿ ಆ ಸೀಟನ್ನು ನೋಡಿ, "ಕಂಡಕ್ಟರ್ ಸೀಟೂ ತರ್ಬೇಕಿತ್ತು, ನಾನು ಟಿಕೆಟ್ ಹರೀತಿದ್ದೆ" ಎಂದಳು. ಇಂಗ್ಲಿಷ್ ಪುಸ್ತಕ ಓದಿ ಅರ್ಥ ಹೇಳುವುದಕ್ಕೆ ಅವಳು ಬೇಕು ಅನ್ನುವ ಕಾರಣಕ್ಕೆ ನಾನು ಜಗಳ ಆಡಲಿಲ್ಲ.

ಹೀಗಿರುವಾಗ ದಸರಾ ಕಳೆದ ಎರಡನೇ ವಾರ ಪಾವಗಡದ ಕಡೆಯ ಹಳ್ಳಿಯಿಂದ ನನ್ನ ಅಕ್ಕನ ಫೋನು ಬಂತು. ಅಕ್ಕನಿಗೆ ಇಪ್ಪತ್ತು ವರ್ಷದಿಂದ ಕಾಶಿಯ ಆಸೆ. ಭಾವ ಕುರಿ ಸಾಕುವವನು. ಪ್ರತಿ ವರ್ಷವೂ ಕುರಿಗಳೇ ಅವನಿಗೆ ನೆಪ. ಒಂದು ವರ್ಷ ಮರಿ ಹಾಕುವ ಕಾಲ, ಒಂದು ವರ್ಷ ಉಣ್ಣೆ ಕತ್ತರಿಸುವ ಕಾಲ, ಇನ್ನೊಂದು ವರ್ಷ ಕುರಿಗಳಿಗೆ ಕಾಲುಬೇನೆ. ಈ ಸಲ ಅಕ್ಕ ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಊರಿನ ಗುಂಪಿನ ಜೊತೆ ವಿಮಾನದ ಟಿಕೆಟ್ಟನ್ನೂ ಮಾಡಿಸಿಬಿಟ್ಟಿದ್ದಳು. ಮಂಡಿ ನೋವಿನ ಅಕ್ಕ ಎರಡು ದಿನ ರೈಲಿನಲ್ಲಿ ಕೂರುವ ಹಾಗಿರಲಿಲ್ಲ. ಕುರಿಯ ನೆಪ ಮುಗಿದ ಭಾವ ಈಗ ವಿಮಾನವನ್ನು ಹಿಡಿದುಕೊಂಡ. ನೆಲ ಬಿಟ್ಟು ಬರುವುದಿಲ್ಲ ಎಂದು ಕಂಬಳಿ ಹೊದ್ದು ಕೂತ. ಗಂಗೆಯಲ್ಲಿ ದಂಪತಿ ಸ್ನಾನ ಆಗಬೇಕು ಅನ್ನುವವಳು ಅಕ್ಕ, ಅವನನ್ನು ಬಿಟ್ಟು ಹೋಗುವ ಮಾತೇ ಇಲ್ಲ.

"ನೀನು ವಿಮಾನ ಓಡುಸ್ತೀಯಂತಲ್ಲೋ," ಎಂದಳು ಅಕ್ಕ. "ನಿಮ್ ಭಾವಂಗೆ ಒಂದ್ಸಲ ಕೂರ್ಸಿ ತೋರ್ಸು. ಭಯ ಬುಡ್ಸು. ಇನ್ನ ಹದಿನೈದು ದಿನ ಐತೆ. ಈ ಸಲ ತಪ್ಪಿದ್ರೆ ನಾನಿನ್ನ ಕಾಶಿ ಕಾಣಕಿಲ್ಲ ಕಣ್ಲಾ."

ನನ್ನನ್ನು ಪೈಲಟ್ ಎಂದು ಒಪ್ಪಿದ ಮೊದಲ ವ್ಯಕ್ತಿ ಅಕ್ಕ. ಉಬ್ಬಿಹೋದೆ. ಭಾನುವಾರ ಕರೆದುಕೊಂಡು ಬಾ, ಮಧ್ಯಾಹ್ನದ ಊಟದೊಳಗೆ ಅವನ ಭಯ ತೆಗೆದು ಕಳಿಸುತ್ತೇನೆ ಎಂದು ಹೇಳಿಬಿಟ್ಟೆ.

ಭಾನುವಾರ ಬಂದರು. ಭಾವ ಹಾಲಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬಸ್ ಸೀಟಿಗೆ ಕೈ ಮುಗಿದು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ. ಅಕ್ಕ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ವಡೆಗೆ ಹಿಟ್ಟು ತಟ್ಟುತ್ತಾ ಕಿವಿಯನ್ನೆಲ್ಲ ಇತ್ತ ಇಟ್ಟಿದ್ದಳು. ಪರದೆಯ ಮೇಲೆ ಬೆಂಗಳೂರಿನ ರನ್‌ವೇ, ಬಿಳಿ ಗೆರೆಗಳು, ಬಿಸಿಲು. ನಾನು ಗಂಟಲು ಸರಿಮಾಡಿಕೊಂಡು, ಪ್ರಯಾಣಿಕರಿಗೆ ಸ್ವಾಗತ ಹೇಳಿ, ವಿಮಾನಕ್ಕಿಂತ ಭದ್ರವಾದ ವಾಹನ ಲೋಕದಲ್ಲೇ ಇಲ್ಲ ಎಂದು ಒಂದು ಭಾಷಣ ಮಾಡಿ, ಎರಡೂ ಲಿವರುಗಳನ್ನು ಮುಂದೆ ತಳ್ಳಿದೆ.

ಪಾಂ, ಪಾಂ, ಪಾಂ, ಪಾಂ.

ಭಾವ ಕುರ್ಚಿಯಿಂದ ಎದ್ದು ನಿಂತ. ಗಾಬರಿಯಾದರೆ ಅವನ ಬಾಯಿಗೆ ಪಾವಗಡದ ತೆಲುಗು ಬಂದುಬಿಡುತ್ತದೆ. "ಏಮಯ್ಯಾ ಅದಿ? ಯಾಕಂಗೆ ಅರಚ್ತೈತೆ?"

ವಿಷಯ ಇಷ್ಟೇ. ದೊಡ್ಡ ವಿಮಾನ ಓಡುವ ಮುಂಚೆ ತನ್ನ ಮೈಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ರೆಕ್ಕೆಯ ಹಿಂದಿನ ಫ್ಲ್ಯಾಪುಗಳು ಬೇಕಾದಷ್ಟು ಇಳಿದಿವೆಯೇ, ಮೂತಿ ಎತ್ತಲು ಬಾಲದ ಟ್ರಿಮ್ ಸರಿ ಇದೆಯೇ, ನಿಲ್ಲಿಸುವ ಬ್ರೇಕು ಬಿಟ್ಟಿದ್ದಾರೆಯೇ, ರೆಕ್ಕೆಯ ಮೇಲೆ ಏಳುವ ಸ್ಪೀಡ್‌ಬ್ರೇಕಿನ ಹಲಗೆಗಳು ಮಲಗಿವೆಯೇ. ನಾಲ್ಕರಲ್ಲಿ ಒಂದು ತಪ್ಪಿದ್ದರೂ, ಲಿವರ್ ತಳ್ಳಿದ ತಕ್ಷಣ ಹಾರ್ನ್ ಹೊಡೆದು ಬೇಡ ಅನ್ನುತ್ತದೆ. ಇದೆಲ್ಲ ಹೆಂಡತಿ ಓದಿ ಹೇಳಿದ್ದಳು. ಆದರೆ ಕಲಿತ ವಿದ್ಯೆ ಭಾವನ ಮುಂದೆ ನೆನಪಿಗೆ ಬಂದರೆ ತಾನೆ?

"ಏನಿಲ್ಲ ಭಾವ, ಸೆನ್ಸರ್ ಹೋಗಿದೆ" ಎಂದೆ. ಮೂವತ್ತು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

ವಿಮಾನವನ್ನು ನಿಲ್ಲಿಸಿ ಫ್ಲ್ಯಾಪ್ ಎತ್ತಿದೆ, ಇಳಿಸಿದೆ. ಟ್ರಿಮ್ ಮುಂದೆ ತಿರುಗಿಸಿದೆ, ಹಿಂದೆ ತಿರುಗಿಸಿದೆ. ಬ್ರೇಕ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆನೋ ತೆಗೆದೆನೋ ಮರೆತು ಮತ್ತೊಮ್ಮೆ ಒತ್ತಿದೆ. ಪ್ರತಿ ಸಲ ಲಿವರ್ ತಳ್ಳಿದಾಗಲೂ ಪಾಂ ಪಾಂ. ಭಾವ ಗೋಡೆಗೆ ಒರಗಿ ನಿಂತು ದೇವರ ಹೆಸರು ಹೇಳಲು ಶುರು ಮಾಡಿದ. ನನಗೆ ಅವಮಾನ ಆಗತೊಡಗಿತು. ಅವಮಾನವಾದಾಗ ನನ್ನ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಯಿತು. ವೈರ್ ಇರಲಿಲ್ಲ, ಆದ್ದರಿಂದ ಸೆಟ್ಟಿಂಗಿಗೆ ಹೋಗಿ ಎಚ್ಚರಿಕೆಯ ಶಬ್ದಗಳನ್ನೆಲ್ಲ ಬಂದ್ ಮಾಡಿದೆ.

"ನೋಡು, ಈಗ ಸರಿಹೋಯ್ತು" ಎಂದು ಪೂರ್ತಿ ವೇಗ ಕೊಟ್ಟೆ.

ಹಿಂದೆ ಮುಂದೆ ಆಡಿಸುವ ಗಡಿಬಿಡಿಯಲ್ಲಿ ಫ್ಲ್ಯಾಪುಗಳನ್ನು ಎತ್ತಿಯೇ ಬಿಟ್ಟಿದ್ದೆ. ಅದನ್ನು ಹೇಳಬೇಕಿದ್ದ ಬಾಯಿಯನ್ನು ನಾನೇ ಮುಚ್ಚಿದ್ದೆ. ವಿಮಾನ ಓಡಿತು, ಓಡಿತು, ಏಳಲಿಲ್ಲ. ಸ್ಟಿಕ್ಕನ್ನು ಎದೆಗೆ ಎಳೆದುಕೊಂಡೆ. ಬಾಲ ನೆಲಕ್ಕೆ ಉಜ್ಜಿತು, ಬಿಳಿ ಗೆರೆಗಳು ಮುಗಿದವು, ಹುಲ್ಲು ಬಂತು, ಬೇಲಿ ಬಂತು. ಪರದೆ ಕಪ್ಪಾಗಿ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ಏನಂತ ಬರ್ದೈತೆ?" ಎಂದ ಭಾವ, ನನ್ನನ್ನಲ್ಲ, ಅಡುಗೆಮನೆಯ ಬಾಗಿಲಿಗೆ ಬಂದಿದ್ದ ನನ್ನ ಹೆಂಡತಿಯನ್ನು.

ಗಣಿತದವಳಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. "ವಿಮಾನ ಬಿದ್ದೋಯ್ತು ಅಂತ ಬರ್ದೈತೆ" ಎಂದಳು.

ಭಾವ ಚಪ್ಪಲಿ ಹಾಕಿಕೊಂಡ. "ನಾಕೊದ್ದಪ್ಪಾ ನಿಮ್ ಕಾಶಿ. ನಮ್ ಕುರಿ ನಮ್ ಗುಡ್ಡ ಸಾಕು" ಎಂದು ವಡೆಯನ್ನೂ ತಿನ್ನದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಅಕ್ಕ ಹಿಟ್ಟಿನ ಕೈ ತೊಳೆಯುವುದನ್ನೂ ಮರೆತು ಅವನ ಹಿಂದೆ ಹೊರಟಳು. ಗೇಟಿನ ಹತ್ತಿರ ತಿರುಗಿ ನನ್ನನ್ನು ನೋಡಿದಳು. ಬೈಯಲಿಲ್ಲ. ಕಣ್ಣು ತುಂಬಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಕುರಿ ಮೇಯಿಸಿದವಳು ಅವಳು. ಆ ದಿನ ವಡೆ ನನಗೂ ಸೇರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಾರನೇ ದಿನವೇ ಲಿವರಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಶಿರಾದ ಬಸ್ ಹತ್ತಿದೆ. ಸಾಹೇಬರ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಒಳ್ಳೆಯದೇ ಆಯಿತು ಎಂದು ಜೋರಾಗಿ ಶುರು ಮಾಡಿದೆ. ಕೆಟ್ಟ ಮಾಲು ತಲೆಗೆ ಕಟ್ಟಿದ್ದೀರಿ, ಇದರಿಂದ ನಮ್ಮಕ್ಕನ ಕಾಶಿ ಹಾಳಾಯಿತು ಎಂದೆ. ಸಾಹೇಬರು ಮೊದಲು ಚಹಾ ತರಿಸಿದರು. ಅದನ್ನು ಕುಡಿದು ಮತ್ತೆ ಬೈದೆ.

"ಭಾಯಿ, ಇಲ್ಲಿಂದ ಹೋಗುವಾಗ ಮಾಲ್ ಸಾಫ್ ಇತ್ತು," ಎಂದರು ಅವರು. "ನೀವು ಬಿಚ್ಚಿ ನೋಡಿದ್ರಾ?"

"ಬಿಚ್ಚಿ ನೋಡೋದೇನಿದೆ, ಕೆಟ್ಟಿದೆ."

"ಬಿಚ್ಚದೆ ನಿಮಗೆ ಹೆಂಗೆ ಗೊತ್ತಾಯ್ತು ಖರಾಬ್ ಅಂತ? ನೀವೂ ರಿಪೇರಿಯವರು, ನಾನೂ ರಿಪೇರಿಯವನು."

ಸಿಕ್ಕಿಬಿದ್ದ ರಿಪೇರಿಯವನು ಏನು ಮಾಡುತ್ತಾನೆ? ದನಿ ಏರಿಸುತ್ತಾನೆ. ಏರಿಸಿದೆ. ಗಿರಾಕಿಗಳು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಸಾಹೇಬರು ಖಾಲಿ ಲೋಟಗಳನ್ನು ಎತ್ತಿಟ್ಟು, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಚೀಲಕ್ಕೆ ತಾವೇ ಹಾಕಿಕೊಟ್ಟರು. ಗೆದ್ದೆ ಅಂದುಕೊಂಡು ಮಧುಗಿರಿಗೆ ವಾಪಸ್ಸು ಬಂದೆ.

ಸಂಜೆ ಹೆಂಡತಿ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಬಸ್ ಸೀಟಿನಲ್ಲಿ ಕೂತಳು. ಅಕ್ಕ ಅವಳಿಗೆ ಫೋನ್ ಮಾಡಿ ಅತ್ತಿದ್ದಳಂತೆ.

"ನಿನ್ನೆ ನೀವು ಒಂದೇ ಸಲ ನಾಲ್ಕು ತಿರುಗಿಸಿದ್ರಿ," ಎಂದಳು. "ನಾಲ್ಕೂ ತಿರುಗಿಸಿದ್ರೆ ಯಾವುದ್ರಿಂದ ಅಂತ ಹೆಂಗೆ ಗೊತ್ತಾಗುತ್ತೆ? ಒಂದೊಂದೇ ನೋಡ್ಬೇಕು. ನನ್ ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು ಇದು."

ನಾನು ಬಂದ್ ಮಾಡಿದ್ದ ಎಚ್ಚರಿಕೆಯ ಶಬ್ದಗಳನ್ನು ಮತ್ತೆ ಹಾಕಿ, ಒಂದೊಂದೇ ನೋಡಿದಳು. ಫ್ಲ್ಯಾಪು ಐದರ ಗುರುತಿಗೆ ಇಳಿಸಿ, ಇಳಿದದ್ದನ್ನು ಪರದೆಯಲ್ಲೇ ಹೊರಗಿನ ಕ್ಯಾಮೆರಾ ಹಾಕಿ ಖಚಿತ ಮಾಡಿಕೊಂಡಳು. ಲಿವರ್ ತಳ್ಳಿದರೆ ಪಾಂ ಪಾಂ. ಟ್ರಿಮ್ ಹಸಿರು ಪಟ್ಟಿಯೊಳಗೆ ಇದೆ, ಆದರೂ ಪಾಂ ಪಾಂ. ಬ್ರೇಕಿನ ಕೆಂಪು ದೀಪ ಆರಿದೆ, ಆದರೂ ಪಾಂ ಪಾಂ. ಕೊನೆಗೆ ಸ್ಪೀಡ್‌ಬ್ರೇಕ್. ಅದೇ ಪೆಟ್ಟಿಗೆಯಲ್ಲಿದ್ದ ಅದರ ಲಿವರ್ ಪೂರ್ತಿ ಕೆಳಗೆ ಕೂತ ಹಾಗೇ ಕಾಣುತ್ತಿತ್ತು. ಅವಳು ಸೆಟ್ಟಿಂಗ್ ತೆಗೆದು, ಲಿವರ್ ಎಲ್ಲಿದೆ ಎಂದು ಕಂಪ್ಯೂಟರ್ ತಿಳಿದುಕೊಂಡಿರುವ ಅಂಕಿಯನ್ನು ನೋಡಿದಳು.

"ನಾಲ್ಕು ಅಂತ ತೋರಿಸ್ತಿದೆ. ಸೊನ್ನೆಗೆ ಬರ್ತಾನೇ ಇಲ್ಲ."

"ನೂರಕ್ಕೆ ನಾಲ್ಕು ತಾನೆ, ಅದೇನು ಮಹಾ?"

"ಸೊನ್ನೆ ಅಂದ್ರೆ ಸೊನ್ನೆ" ಎಂದು ಅವಳು ಮೊಬೈಲಿನ ಟಾರ್ಚ್ ಹಾಕಿದಳು. ಲಿವರ್ ಓಡಾಡುವ ಸೀಳಿನ ತಳದಲ್ಲಿ ಏನೋ ಕಂದು ಬಣ್ಣದ್ದು. ತಲೆಯ ಪಿನ್ನು ತೆಗೆದು ಮೀಟಿದಳು. ಒಣಗಿ ಹಪ್ಪಳವಾದ ಚೆಂಡುಹೂವಿನ ಎಸಳುಗಳು ನಾಲ್ಕೈದು, ಅವುಗಳಿಗೆ ಮೆತ್ತಿಕೊಂಡು ಗಟ್ಟಿಯಾದ ಗಂಧ ಕುಂಕುಮ.

ಆಯುಧಪೂಜೆ! ನಮ್ಮ ಕಡೆ ಆ ದಿನ ಸ್ಪ್ಯಾನರಿನಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಎಲ್ಲಕ್ಕೂ ಗಂಧ, ಕುಂಕುಮ, ಹೂವು. ಬಸ್ಸಿನ ಮೂತಿಗೆ ಬಾಳೆಕಂದು ಕಟ್ಟಿ, ಎದುರಿಗೆ ರಸ್ತೆಯೇ ಕಾಣದ ಹಾಗೆ ಗಾಜಿಗೆ ಹಾರ ಹಾಕಿ ಓಡಿಸುವ ಜನ ನಾವು. ಹಬ್ಬದ ಮೇಲೆ ಅಂಗಡಿಯ ಕೆಲಸದ ನಡುವೆ, ಭಾವ ಬಂದ ಭಾನುವಾರದವರೆಗೂ ನಾನು ವಿಮಾನ ಮುಟ್ಟಿರಲಿಲ್ಲ.

"ನೋಡಿದ್ಯಾ ನಿನ್ನ ಭಕ್ತಿ!" ಎಂದು ಹೆಂಡತಿಯ ಮೇಲೆ ಹಾರಿದೆ. "ಸಿಕ್ಕಿದ್ದಕ್ಕೆಲ್ಲ ಹೂವ ತುರುಕೋದು. ನಿನ್ನಿಂದ ನಮ್ಮಕ್ಕ ಅತ್ತಳು."

ಅವಳು ಮೊಬೈಲಿನಲ್ಲಿ ಹಬ್ಬದ ದಿನದ ಒಂದು ಫೋಟೋ ಹುಡುಕಿ ನನ್ನ ಮುಂದೆ ಹಿಡಿದಳು. ಮಡಿ ಪಂಚೆ ಉಟ್ಟ ನಾನು, ಹೂವು ನಿಲ್ಲುವುದಿಲ್ಲವೆಂದು ಲಿವರಿನ ಸೀಳಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುರುಕುತ್ತಾ, ಕ್ಯಾಮೆರಾ ನೋಡಿ ನಗುತ್ತಿದ್ದೇನೆ. ಅದನ್ನು ಮನೆಮಂದಿಯ ಗ್ರೂಪಿಗೆ ಹಾಕಿದವನೂ ನಾನೇ, ಕೆಳಗೆ 'ಕ್ಯಾಪ್ಟನ್' ಅಂತ ಬರೆದುಕೊಂಡು.

ಶಿರಾಕ್ಕೆ ಫೋನ್ ಮಾಡಿ ತಪ್ಪಾಯಿತು ಎಂದೆ. ಸಾಹೇಬರು, "ಹೋಗ್ಲಿ ಭಾಯಿ, ಈ ಕಡೆ ಬಂದಾಗ ಚಾ ಕುಡಿಯೋಕೆ ಬನ್ನಿ" ಎಂದರು. ಎರಡು ಬೈಗುಳ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದಿದ್ದದ್ದು ಒಂಬತ್ತು ದಿನ. ಭಾವ ಮಧುಗಿರಿಗೆ ಇನ್ನು ಬರುವ ಹಾಗಿರಲಿಲ್ಲ, ಆದ್ದರಿಂದ ವಿಮಾನವನ್ನೇ ಚೀಲಕ್ಕೆ ಹಾಕಿಕೊಂಡು ನಾನೇ ಪಾವಗಡದ ಬಸ್ ಹತ್ತಿದೆ. ಭಾವನ ಮನೆಯ ಜಗುಲಿಯಲ್ಲಿ, ರಾಗಿ ಮೂಟೆಯ ಮೇಲೆ ಲ್ಯಾಪ್‌ಟಾಪು. ಭಾವ ಹತ್ತು ಮಾರು ದೂರದಲ್ಲಿ ಕುರಿ ಹಟ್ಟಿಯ ಬಾಗಿಲಿಗೆ ನಿಂತಿದ್ದ. ಅಲ್ಲಿಂದಲೇ ನೋಡುತ್ತೇನೆ ಎಂದ. ಈ ಸಲ ನಾಲ್ಕನ್ನೂ ಒಂದೊಂದಾಗಿ ನೋಡಿಕೊಂಡು ಲಿವರ್ ತಳ್ಳಿದೆ. ಹಾರ್ನ್ ಇಲ್ಲ. ವಿಮಾನ ಓಡಿ, ಮೂತಿ ಎತ್ತಿ, ಮೇಲಕ್ಕೆ ಹೋಯಿತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭಾವನ ಮುಖ ಸಡಿಲವಾಗಲಿಲ್ಲ.

"ಮೊನ್ನೆ ಯಾಕೆ ಅರಚ್ತು ಅದು?" ಎಂದ.

ಸುಳ್ಳು ಹೇಳುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಹೂವಿನ ಕಥೆ ಹೇಳಿದೆ.

"ಒಂದ್ ಹೂವಿನ ಎಸಳಿಗೆ ಅಷ್ಟು ಅರಚ್ತಾ?"

"ಹೂಂ ಭಾವ."

"ಆಮೇಲೆ ಬಿದ್ದಿದ್ದು, ನೀನು ಅದ್ರ ಬಾಯಿ ಮುಚ್ಚಿದ್ದಕ್ಕಾ?"

"...ಹೂಂ."

ಭಾವ ಜಗುಲಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ. ತನ್ನ ಕಂಬಳಿಯಿಂದ ಒಂದು ಎಳೆ ಉಣ್ಣೆ ಕಿತ್ತು, ಬೆರಳಲ್ಲಿ ಉಂಡೆ ಮಾಡಿ, ಸ್ಪೀಡ್‌ಬ್ರೇಕ್ ಲಿವರಿನ ಸೀಳಿಗೆ ತಾನೇ ಇಟ್ಟು, "ಈಗ ಬುಡು" ಎಂದ. ಲಿವರ್ ತಳ್ಳಿದೆ. ಪಾಂ ಪಾಂ. ಉಣ್ಣೆ ತೆಗೆದ, ಸುಮ್ಮನಾಯಿತು. ಇಟ್ಟ, ಕೂಗಿತು. ಹೀಗೆ ಐದಾರು ಸಲ ಮಾಡಿ ಮೊದಲ ಬಾರಿಗೆ ನಕ್ಕ.

"ಇದು ನಮ್ ನಾಯಿ ಇದ್ದಂಗೈತೆ ಕಣೇ," ಎಂದ ಅಕ್ಕನಿಗೆ. "ತೋಳ ಬಂದ್ರೂ ಬೊಗಳ್ತದೆ, ಕಡ್ಡಿ ಅಲ್ಲಾಡಿದ್ರೂ ಬೊಗಳ್ತದೆ. ಅಂಗಿದ್ರೆ ಭಯ ಇಲ್ಲ. ನಡಿ, ಹೋಗಾನ." ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಬೊಗಳ್ತದೆ ಅಂತ ನಾಯಿ ಬಾಯಿ ಹೊಲಿಯೋನ್ನ ನಾನು ನಿನ್ನೊಬ್ಬನ್ನೇ ನೋಡಿದ್ದು. ಅಂಗ್ಡೀಲೂ ಇದೇ ಕೆಲ್ಸಾನಾ ನಿಂದು?"

ನಾನು ಲ್ಯಾಪ್‌ಟಾಪಿನ ವೈರ್ ಸುತ್ತುವುದರಲ್ಲಿ ಮಗ್ನನಾದೆ.

ಹೊರಡುವ ಹಿಂದಿನ ದಿನ ಇಬ್ಬರೂ ನಮ್ಮ ಮನೆಗೆ ಬಂದು ಉಳಿದರು, ಗುಂಪಿನವರು ಏರ್‌ಪೋರ್ಟಿನಲ್ಲಿ ಸಿಗುವುದೆಂದಾಗಿತ್ತು. ವಿಮಾನ ಮಧ್ಯಾಹ್ನಕ್ಕೆ, ಭಾವನ ಒತ್ತಾಯಕ್ಕೆ ಕಾರು ಬೆಳಿಗ್ಗೆ ಆರಕ್ಕೇ ಬಂತು. ಕೊರಟಗೆರೆಯ ಬಾಡಿಗೆ ಕಾರು, ನನ್ನ ಹಳೆಯ ಗಿರಾಕಿ. ಅಕ್ಕ ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಭಾವ ಬಾಗಿಲಿಗೆ ಕೈ ಹಾಕಿದವನು ನಿಂತ.

"ಏನಪ್ಪಾ, ಈ ಗಾಡಿ ವೈರಿಂಗು ಯಾರು ನೋಡ್ಕಣೋದು?"

"ಇನ್ಯಾರು, ನಿಮ್ ಬಾಮೈದನೇ!" ಎಂದ ಡ್ರೈವರ್ ಹೆಮ್ಮೆಯಿಂದ. "ತಿರುವಲ್ಲೆಲ್ಲ ಪೀ ಪೀ ಅನ್ನೋದು. ಆರು ತಿಂಗಳಾಯ್ತು, ಅಣ್ಣ ಒಂದೇ ಏಟಿಗೆ ಬಂದ್ ಮಾಡ್ಬುಟ್ರು. ಈಗ ಸೌಂಡೇ ಇಲ್ಲ."

ಭಾವ ಡಿಕ್ಕಿ ತೆಗೆಸಿ ಚೀಲಗಳನ್ನು ಇಳಿಸತೊಡಗಿದ. "ಅದ್ನ ಮೊದ್ಲಿದ್ದಂಗೆ ಕೂಡ್ಸು. ಆಮೇಲೆ ಹತ್ತುತೀನಿ. ಇಲ್ಲಾಂದ್ರೆ ಇವಳೂ ಬರಲ್ಲ, ನಾನೂ ಬರಲ್ಲ."

ಅಕ್ಕ ಕಾರಿನೊಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಬೀದಿಯವರು ಹಾಲು ತರಲು ಹೊರಟವರು ನಿಂತರು. ನಾನು ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ನಾನೇ ಕತ್ತರಿಸಿ ಟೇಪ್ ಸುತ್ತಿದ್ದ ತುದಿಗಳನ್ನು ಹುಡುಕಿ ಬೆಸೆದೆ. ಮನಸ್ಸಿನಲ್ಲಿ ಭಾವನನ್ನು ಬೈಯುತ್ತಲೇ ಇದ್ದೆ. ಚಾವಿ ತಿರುಗಿಸಿದೆ.

ಕೂಗಿತು. ತಿರುವೂ ಇಲ್ಲ, ಏನೂ ಇಲ್ಲ, ನಿಂತಲ್ಲೇ ಒಂದೇ ಸಮನೆ.

ಡ್ರೈವರ್ ನಕ್ಕ. "ಅದೇ ಅಣ್ಣ, ಸೆನ್ಸರ್ ಹೋಗಿರೋದು. ನೀವೇ ಹೇಳಿದ್ರಲ್ಲ."

ಬಾನೆಟ್ ಎತ್ತಿದೆ. ಬ್ರೇಕ್ ಆಯಿಲಿನ ಡಬ್ಬಿಯ ತಳದಲ್ಲಿ ಎರಡು ಚಮಚ ಇದ್ದಿರಬಹುದು. ಬಗ್ಗಿ ನೋಡಿದರೆ ಹಿಂದಿನ ಎಡಗಾಲಿಯ ಒಳಮೈ ಜಿಡ್ಡು ಜಿಡ್ಡು, ಧೂಳು ಮೆತ್ತಿ ಕಪ್ಪಾಗಿತ್ತು. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದಾಗ ಕೂಗುತ್ತಿತ್ತು. ಕಮ್ಮಿಯಾಗುತ್ತಿದೆ ಎಂದು ಆರು ತಿಂಗಳ ಹಿಂದೆಯೇ ಹೇಳಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

"ಏನಣ್ಣ?" ಎಂದ ಡ್ರೈವರ್. "ನಿನ್ನೆ ತಾನೆ ಮದುವೆಯವರನ್ನ ಕೂರಿಸ್ಕಂಡು ದೇವರಾಯನದುರ್ಗದ ಬೆಟ್ಟ ಹತ್ತಿ ಇಳಿದು ಬಂದೀನಿ. ಸ್ವಲ್ಪ ಜೋರಾಗಿ ತುಳೀಬೇಕು, ಅಷ್ಟೇ."

ಹೆದರಿಕೆಯಾಯಿತು, ಬೇರೆ ಮಾತೇ ಇಲ್ಲ. ಬಾನೆಟ್ಟಿನ ಅಂಚು ಹಿಡಿದು ನಿಂತುಬಿಟ್ಟೆ. ಭಾವ ಬಂದು ಡಬ್ಬಿಯನ್ನು ನೋಡಿದ, ಗಾಲಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಓದು ಬರುವುದಿಲ್ಲ, ಆದರೆ ಸೋರುವುದು ಗೊತ್ತಾಗುತ್ತದೆ.

"ಕಾಶಿಗೆ ಹೋಗ್ಬೇಕಾದೋನು ನಾನಲ್ಲಪ್ಪಾ," ಎಂದ ಮೆಲ್ಲಗೆ. "ನೀನು."

ಚೀಲಗಳನ್ನು ಹೆಗಲಿಗೇರಿಸಿಕೊಂಡು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಅಕ್ಕ ಮಂಡಿ ಹಿಡಿದುಕೊಂಡೇ ಹೋದಳು, ನನ್ನ ಹೆಂಡತಿ ಅವಳ ಕೈ ಹಿಡಿದು ಬೆಂಗಳೂರಿನ ಬಸ್ ಹತ್ತಿಸಿ ಬಂದಳು. ಮಧ್ಯಾಹ್ನ ಅಕ್ಕ ಫೋನ್ ಮಾಡಿ, ವಿಮಾನದಲ್ಲಿ ಕೂತೆವು, ನಿಮ್ಮ ಭಾವ ಹಾರ್ನ್ ಹೊಡೆಯುತ್ತದೇನೋ ಎಂದು ಕಿವಿ ಕೊಟ್ಟು ಕೂತಿದ್ದಾನೆ ಎಂದು ನಕ್ಕಳು.

ಬ್ರೇಕ್ ಸರಿಯಾಗುವವರೆಗೆ ಕಾರು ಕದಲಬಾರದೆಂದು ಡ್ರೈವರಿಗೆ ಹೇಳಿ ನಾನು ಅಂಗಡಿಗೆ ಹೋಗಿ, ಇಷ್ಟು ವರ್ಷದಲ್ಲಿ ಯಾವ ಯಾವ ಗಾಡಿಯ ವೈರ್ ಕತ್ತರಿಸಿದ್ದೇನೆ ಎಂದು ಬರೆಯಲು ಕೂತೆ. ಒಂದು ಪುಟ ತುಂಬುವ ಹೊತ್ತಿಗೆ ನೆನಪು ಕೈಕೊಟ್ಟಿತು. ಉಳಿದವು ಯಾರವು, ಈಗ ಯಾವ ಘಟ್ಟ ಇಳಿಯುತ್ತಿವೆ, ಗೊತ್ತಿಲ್ಲ. ನೆನಪಿದ್ದ ಮೊದಲ ಹೆಸರಿಗೆ, ಶಿರಾದ ಕಡಲೆಕಾಯಿ ಲಾರಿಯವನಿಗೆ, ಫೋನ್ ಮಾಡಿ, ಗಾಡಿ ತಗೊಂಡು ಬಾ, ಬಜ್ಜರ್ ವಾಪಸ್ ಕೂಡಿಸಿಕೊಡುತ್ತೇನೆ ಎಂದೆ.

"ಯಾಕಣ್ಣಾ, ಈಗ್ಲೇ ಆರಾಮಾಗದೆ," ಎಂದ ಅವನು, ಇಂಜಿನ್ ಸದ್ದಿನ ನಡುವೆ. "ಸೆನ್ಸರ್ ಹೋಗಿರೋದು ಅಷ್ಟೇ, ಬುಡು ಅತ್ಲಾಗೆ." ಫೋನ್ ಇಟ್ಟ. ಅವನು ಹಾಗಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ, ಆ ಮಾತು ಅವನಿಗೆ ಕಲಿಸಿದವನು ನಾನೇ.